ಮಗನಿಗೆ ಕಾಗುಣಿತ ಪೂರ್ತಿ ಬಾಯಿಪಾಠ, ಆದರೆ ಪದ ಓದೋಕೆ ಬರಲ್ಲ. ಏನು ಮಾಡಲಿ?

ನಿಮ್ಮ ಮಗ ಒಂದನೇ ಕ್ಲಾಸ್ ಮುಗಿಸಿದ್ದಾನೆ. ಅ ಆ ಇ ಈ ಇಂದ ಹಿಡಿದು ಳ ವರೆಗೆ ತಪ್ಪಿಲ್ಲದೆ ಹೇಳುತ್ತಾನೆ, ಕಾಗುಣಿತವೂ ಬಾಯಲ್ಲಿದೆ. ಆದರೆ ಹೊಸ ಪದ ತೋರಿಸಿದರೆ ನಿಮ್ಮ ಮುಖ ನೋಡುತ್ತಾನೆ. ಇಂಗ್ಲಿಷಿನಲ್ಲೂ ಸ್ಪೆಲಿಂಗ್ ಪಟಪಟ ಅಂತ ಒಪ್ಪಿಸುತ್ತಾನೆ, ಓದು ಅಂದರೆ ಸುಮ್ಮನಾಗುತ್ತಾನೆ. 'ಅಕ್ಷರಕ್ಕೆ ಇಂಥ ಸದ್ದು ಅನ್ನೋ ನಿಯಮ ಮಕ್ಕಳ ತಲೆಗೆ ಹೋಗೋದು ಹೇಗೆ' ಅಂತ ಕೇಳಿದ್ದೀರಿ.

ನಾನು ದಾವಣಗೆರೆಯ ನಿಟುವಳ್ಳಿಯಲ್ಲಿ ಮನೆಯಲ್ಲೇ ಸಂಜೆ ಪಾಠ ಹೇಳುತ್ತೇನೆ. ಹನ್ನೊಂದು ವರ್ಷ ಆಯಿತು. ನಿಮ್ಮ ಮಗನಂಥ ಮಕ್ಕಳು ಪ್ರತಿ ಜೂನ್‌ನಲ್ಲಿ ಮೂರ್ನಾಲ್ಕು ಜನ ಬಂದೇ ಬರುತ್ತಾರೆ. ಮೊದಲು ಬಂದವಳು ನನ್ನ ಮಗಳೇ. ಅವಳಿಗೆ ನಾನು ಬೇಸಿಗೆ ರಜೆಯಲ್ಲಿ ಪ್ರತಿ ಕಾಗುಣಿತವನ್ನೂ ಹತ್ತತ್ತು ಸಲ ಬರೆಸಿದ್ದೆ. ಇನ್ನೂರು ಪುಟದ ಎರಡು ನೋಟ್‌ಬುಕ್ ತುಂಬಿದವು. ಆಮೇಲೆ ಒಂದು ದಿನ ದೋಸೆ ತಿನ್ನೋಕೆ ಹೋದಾಗ ಹೋಟೆಲ್ ಬೋರ್ಡ್ ತೋರಿಸಿ ಓದು ಅಂದೆ. 'ಬೆ... ಣೆ... ಣ' ಅಂದಳು. ಬೆಣ್ಣೆ ದೋಸೆಯ ಊರಲ್ಲಿ ಹುಟ್ಟಿ, ವಾರಕ್ಕೊಂದು ಸಲ ಅದನ್ನೇ ತಿನ್ನುವ ಹುಡುಗಿ! ನನಗೆ ಸಿಟ್ಟು ಬಂತು. ತಪ್ಪು ಅವಳದಲ್ಲ, ನಾನು ಬರೆಸಿದ ನೋಟ್‌ಬುಕ್ಕಿನದು ಅಂತ ಗೊತ್ತಾಗೋಕೆ ಒಂದೆರಡು ವರ್ಷ ಬೇಕಾಯಿತು.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಒಂದು ಚೀಟಿಯಲ್ಲಿ 'ಕೈ' ಅಂತ ಬರೆದು ಮಗನಿಗೆ ಕೊಡಿ. ಅವನ ತುಟಿ ನೋಡಿ. ಬಾಯಿಪಾಠದ ಮಗು ಆದರೆ ಮೆಲ್ಲಗೆ ಕ ಕಾ ಕಿ ಕೀ ಕು ಕೂ ಕೃ ಕೆ ಕೇ ಅಂತ ಒಂಬತ್ತು ಮೆಟ್ಟಿಲು ಹತ್ತಿ ಹತ್ತನೆಯದಕ್ಕೆ 'ಕೈ' ಅನ್ನುತ್ತದೆ. ಒಂದು ಅಕ್ಷರಕ್ಕೆ ಇಷ್ಟು ಹತ್ತಿದರೆ, ಮೂರು ಅಕ್ಷರದ ಪದ ಮುಗಿಯುವಾಗ ಮೊದಲನೆಯದು ಮರೆತೇ ಹೋಗಿರುತ್ತದೆ. ಇದನ್ನು ಓದು ಅನ್ನೋಕೆ ಆಗಲ್ಲ, ಹಾಡು ಅದು.

ಕನ್ನಡದಲ್ಲಿ ಒಂದು ಅನುಕೂಲ ಇದೆ. ಅಕ್ಷರದ ಹೆಸರೇ ಅದರ ಸದ್ದು. ಕ ಅಂದರೆ ಕ, ಬೇರೆ ಹೆಸರಿಲ್ಲ. ತೊಡಕು ಇರುವುದು ಲೆಕ್ಕದಲ್ಲಿ. ವರ್ಣಮಾಲೆ 49 ಅಕ್ಷರ ಅನ್ನುತ್ತೇವೆ. ಆದರೆ ಓದುವಾಗ ಕಣ್ಣಿಗೆ ಬೀಳುವುದು 49 ಅಲ್ಲ. 34 ವ್ಯಂಜನ, ಒಂದೊಂದಕ್ಕೂ 15 ರೂಪ, ಅಲ್ಲಿಗೇ 510 ಆಯಿತು. ಒತ್ತಕ್ಷರ ಇನ್ನೂ ಬಾಕಿ. ಇಷ್ಟನ್ನೂ ಯಾವ ಮಗುವೂ ಒಂದೊಂದಾಗಿ ನೆನಪಿಡಲ್ಲ. ಎಲ್ಲೋ ಒಂದು ಕಡೆ ಗುಟ್ಟು ಹಿಡಿಯಬೇಕು: ಕಿ, ಗಿ, ಸಿ, ಮಿ ನಾಲ್ಕರ ತಲೆ ಮೇಲೂ ಇರುವುದು ಅದೇ ಗುಡಿಸು, ನಾಲ್ಕರ ಬಾಲದಲ್ಲೂ ಕೇಳುವುದು ಅದೇ ಇ. ಈ ಗುಟ್ಟು ಸಿಕ್ಕ ದಿನ 510 ಹೋಗಿ 34 ಮತ್ತು 15 ಉಳಿಯುತ್ತದೆ.

ಕಾಗುಣಿತ ಹೇಳಿಸುವ ನಮ್ಮ ಪದ್ಧತಿ ಮಾತ್ರ ಈ ಗುಟ್ಟನ್ನು ಮುಚ್ಚಿಡುತ್ತದೆ. ನಾವು ಅಡ್ಡಸಾಲು ಹೇಳಿಸುತ್ತೇವೆ. 'ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ' ಅಂತ ನಾವು ಚಿಕ್ಕವರಿದ್ದಾಗ ಹೇಳುತ್ತಿದ್ದುದು ಇದಕ್ಕಿಂತ ಎಷ್ಟೋ ಮೇಲು, ಯಾಕೆಂದರೆ ಅದರಲ್ಲಿ ಗುರುತಿನ ಹೆಸರಾದರೂ ಬರುತ್ತಿತ್ತು. ಈಗ ಅದೂ ಹೋಗಿದೆ. ನಾನು ಗೋಡೆಗೆ ಅಂಟಿಸಿದ ಕಾಗುಣಿತದ ಚಾರ್ಟನ್ನು ಮೇಲಿಂದ ಕೆಳಗೆ ಓದಿಸುತ್ತೇನೆ. ಇವತ್ತು ಗುಡಿಸಿನ ದಿನ. ಕಿ, ಗಿ, ಚಿ, ತಿ, ನಿ. ಬೇರೇನೂ ಇಲ್ಲ. ಅಡ್ಡಸಾಲಿನಲ್ಲಿ ಹಾಡು ಇದೆ, ಉದ್ದಸಾಲಿನಲ್ಲಿ ಹಾಡು ಇಲ್ಲ, ನೋಡಲೇಬೇಕು. ಮೊದಲ ವಾರ ಮಕ್ಕಳು ತಡವರಿಸುತ್ತಾರೆ, ಅಮ್ಮಂದಿರು 'ಮಿಸ್, ಬರ್ತಿದ್ದಿದ್ದೂ ಮರೆತ' ಅಂತ ಫೋನ್ ಮಾಡುತ್ತಾರೆ. ಮರೆತಿಲ್ಲ, ಈಗ ನಿಜವಾಗಿ ನೋಡುತ್ತಿದ್ದಾನೆ ಅಷ್ಟೆ.

ಅ ಆ ಇ ಈ ಕ್ರಮದಲ್ಲೇ ಕಲಿಸಬೇಕು ಅಂತಲೂ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾದ ನಲಿ-ಕಲಿ ಗೊತ್ತಲ್ಲ, ಆಮೇಲೆ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಅದರಲ್ಲಿ ಮೊದಲು ಬರುವುದು ರ ಗ ಸ ದ ಅ. ಐದೇ ಅಕ್ಷರ. ಆದರೆ ಸರ, ರಸ, ಅರಸ, ಅಗಸ, ಗರಗಸ ಅಂತ ಅವತ್ತೇ ಪದ ಓದಬಹುದು. ಅ ಆ ಇ ಈ ಉ ಊ ಕಲಿತ ಮಗು ಒಂದು ತಿಂಗಳಾದರೂ ಏನು ಓದುತ್ತೆ ಹೇಳಿ? ಆ ಐದರಲ್ಲೇ ಸುಳ್ಳು ಪದ ಮಾಡಿ ಕೊಡಿ: ಗಸದ, ರದಸ. ಅರ್ಥ ಇಲ್ಲದ ಪದವನ್ನು ಊಹೆ ಮಾಡೋಕೆ ಆಗಲ್ಲ, ನೆನಪಿನಿಂದ ಹೇಳೋಕೂ ಆಗಲ್ಲ. ಅದನ್ನು ಓದಿದ ಅಂದರೆ ನಿಯಮ ಕೈಗೆ ಸಿಕ್ಕಿದೆ ಅಂತ ಅರ್ಥ. ನನ್ನ ಹತ್ತಿರ ಬರುವ ಮಕ್ಕಳಿಗೆ ಇದು ತಮಾಷೆ ಆಟ, 'ಮಿಸ್, ರದಸ ಅಂದ್ರೆ ಬೈಗುಳಾನಾ?' ಅಂತ ಕೇಳುತ್ತಾರೆ.

ಒತ್ತಕ್ಷರಕ್ಕೆ ಬರುತ್ತೇನೆ. ನನ್ನ ಮಗಳು ಮುಗ್ಗರಿಸಿದ್ದು ಅಲ್ಲೇ, ಬಹುಪಾಲು ಮಕ್ಕಳು ಮುಗ್ಗರಿಸುವುದೂ ಅಲ್ಲೇ. ಬೆಣ್ಣೆ ಅಂತ ಚಪ್ಪಾಳೆ ತಟ್ಟಿ ಹೇಳಿ ನೋಡಿ. ಬೆಣ್, ಣೆ. ಕಿವಿಗೆ ಹಾಗೆ ಎರಡು ತುಂಡು. ಬರಹದಲ್ಲಿ ತುಂಡಾಗುವುದು ಬೆ, ಣ್ಣೆ. ಕಿವಿ ಒಂದು ಕಡೆ ಕತ್ತರಿಸುತ್ತದೆ, ಕಣ್ಣು ಇನ್ನೊಂದು ಕಡೆ. ಮೇಲಾಗಿ ಎತ್ವ ಕೂತಿರುವುದು ಮೇಲಿನ ಣ ಮೇಲೆ, ಆದರೆ ಎ ಸದ್ದು ಬರುವುದು ಕೆಳಗಿನ ಒತ್ತು ಮುಗಿದ ಮೇಲೆ. ಮಗಳು 'ಬೆ ಣೆ ಣ' ಅಂದಿದ್ದು ಪೂರಾ ನಿಯಮದ ಪ್ರಕಾರವೇ ಇತ್ತು: ಮೇಲಿದ್ದದ್ದನ್ನು ಮೊದಲು ಓದಿದಳು, ಕೆಳಗಿದ್ದದ್ದನ್ನು ಆಮೇಲೆ ಓದಿದಳು. ಅವಳಿಗೆ ಗೊತ್ತಿದ್ದ ನಿಯಮ ಅಷ್ಟೇ. ಅವತ್ತು ನಾನು ಸಿಟ್ಟು ಮಾಡುವ ಬದಲು ಆ ತಪ್ಪನ್ನು ಸರಿಯಾಗಿ ಕೇಳಿಸಿಕೊಂಡಿದ್ದರೆ ಮುಂದೆ ಏನು ಹೇಳಿಕೊಡಬೇಕು ಅಂತ ಅದೇ ಹೇಳುತ್ತಿತ್ತು.

ಇದಕ್ಕೆ ನನ್ನ ಪಠ್ಯಪುಸ್ತಕ ಬಸ್ ಬೋರ್ಡ್. ನಮ್ಮ ಕಡೆಯ ಊರುಗಳ ಹೆಸರು ಯಾರೋ ಪಾಠಕ್ಕೆ ಅಂತಲೇ ಇಟ್ಟ ಹಾಗಿವೆ. ಹರಿಹರ: ಎಲ್ಲಕ್ಕಿಂತ ಸುಲಭ. ದಾವಣಗೆರೆ, ಜಗಳೂರು, ಹಿರಿಯೂರು: ಉದ್ದ ಇವೆ, ಒಂದೂ ಒತ್ತಿಲ್ಲ. ಚಳ್ಳಕೆರೆಯಲ್ಲಿ ಒತ್ತು ಬಂತು, ಆದರೆ ಕೆಳಗೆ ಅದೇ ಳ ಚಿಕ್ಕದಾಗಿ ಕೂತಿದೆ, ಗುರುತು ಸಿಗುತ್ತದೆ. ಚನ್ನಗಿರಿ, ಹೊನ್ನಾಳಿಗೆ ಬಂದರೆ ಕೆಳಗಿನ ನ ವೇಷ ಬದಲಿಸಿಬಿಟ್ಟಿದೆ. ತ, ನ, ಮ, ಯ, ರ, ಲ, ಈ ಆರು ಒತ್ತಾದಾಗ ತಮ್ಮ ಮುಖವನ್ನೇ ಬಿಟ್ಟುಬಿಡುತ್ತವೆ, ಇವನ್ನು ಬೇರೆಯಾಗಿ ಹೇಳಿಕೊಡಲೇಬೇಕು. ಹೊಳಲ್ಕೆರೆಯಲ್ಲಿ ಎರಡು ಬೇರೆ ಬೇರೆ ವ್ಯಂಜನ ಸೇರಿವೆ, ಮೇಲೆ ಎತ್ವ ಬೇರೆ. ಮೊಳಕಾಲ್ಮೂರು ಓದಿದ ಮಗುವಿಗೆ ನಾನು ಮಂಡಕ್ಕಿ ಮಿರ್ಚಿ ಕೊಡಿಸುತ್ತೇನೆ.

ಹೋದ ವರ್ಷ ಎರಡನೇ ಕ್ಲಾಸಿನ ಒಬ್ಬ ಹುಡುಗ ಬಸ್ ಸ್ಟ್ಯಾಂಡಿನಲ್ಲಿ ನಿಂತು 'ಚಿತದುಗರ್' ಅಂತ ಓದಿದ. ಪಕ್ಕದಲ್ಲಿದ್ದವರು ನಕ್ಕರು. ನಾನು ಅವನನ್ನು ಬೋರ್ಡಿನ ಹತ್ತಿರ ಕರೆದುಕೊಂಡು ಹೋಗಿ ಕೇಳಿದೆ, 'ಇದರಲ್ಲಿ ರ ಎಲ್ಲಿದೆ ತೋರಿಸು'. ಅವನು ಹುಡುಕಿದ, ಹುಡುಕಿದ, 'ಇಲ್ಲವೇ ಇಲ್ಲ ಮಿಸ್' ಅಂದ. ಸರಿಯಾಗೇ ಹೇಳಿದ! ಚಿತ್ರದುರ್ಗದಲ್ಲಿ ರ ಎರಡು ಸಲ ಕೇಳುತ್ತದೆ, ಒಂದು ಸಲವೂ ರ ಆಗಿ ಕಾಣಲ್ಲ. ತ್ರ ದಲ್ಲಿ ಕೆಳಗೆ ಒಂದು ಗೀಟಾಗಿ ಬಾಗಿದೆ. ರ್ಗ ದಲ್ಲಿ ಅರ್ಕಾವತ್ತಾಗಿ ಗ ಆದಮೇಲೆ ನಿಂತಿದೆ, ಆದರೆ ಓದುವುದು ಗ ಗಿಂತ ಮೊದಲು. ಕಣ್ಣಿಗೆ ಹಿಂದೆ, ಬಾಯಿಗೆ ಮುಂದೆ. ಸೂರ್ಯ, ಮಿರ್ಚಿ, ಕರ್ನಾಟಕ ಎಲ್ಲ ಹೀಗೇ. ಅವನಿಗೆ 'ಅರ್ಕಾವತ್ತು ಕಂಡರೆ ಮೊದಲು ಅದನ್ನ ಹೇಳಿಬಿಡು, ಅದಕ್ಕೆ ಅರ್ಜೆಂಟು' ಅಂತ ಹೇಳಿದೆ. ಹೊಸದುರ್ಗದ ಬಸ್ ಬಂದಾಗ ಅವನೇ ಓದಿದ, ನನ್ನ ಸೆರಗು ಎಳೆದು 'ಅರ್ಜೆಂಟು ಮಿಸ್, ಅರ್ಜೆಂಟು' ಅಂತ ಕೂಗಿದ. ಮೂರು ಪದ ಜೊತೆಗೆ ಇಟ್ಟರೆ ನಿಯಮವನ್ನು ಮಗುವೇ ಮಾಡಿಕೊಳ್ಳುತ್ತದೆ, ಒಂದೇ ಪದವನ್ನು ನೂರು ಸಲ ಬರೆಸಿದರೆ ಆ ಪದ ಮಾತ್ರ ಬರುತ್ತದೆ.

ಕೆಲವು ನಿಯಮ ಹೇಳಿಕೊಡಲೇಬೇಕಾಗಿಲ್ಲ. ಸೊನ್ನೆ ನೋಡಿ. ಅಂಗಡಿ, ಕಂಚು, ಬಂಡಿ, ಹಂದಿ, ಕಂಬ. ಐದರಲ್ಲೂ ಒಂದೇ ಸೊನ್ನೆ, ಸದ್ದು ಮಾತ್ರ ಐದು. ಯಾವ ಮಗುವೂ ತಪ್ಪಿಸಲ್ಲ, ಮುಂದಿನ ಅಕ್ಷರಕ್ಕೆ ನಾಲಿಗೆ ತಾನೇ ತಯಾರಾಗುತ್ತದೆ.

ಇನ್ನು ಹರಿಹರ, ಜಗಳೂರು ಕಡೆಯ ಮಕ್ಕಳು ಪುಸ್ತಕದಲ್ಲಿ 'ಮನೆ' ಅಂತ ಇದ್ದರೆ 'ಮನಿ' ಅಂತ ಓದುವುದುಂಟು. ದಯವಿಟ್ಟು ಇದಕ್ಕೆ ಬೈಯಬೇಡಿ. ಅವನು ಅಕ್ಷರ ಓದಿದ್ದಾನೆ, ಪದ ಹಿಡಿದಿದ್ದಾನೆ, ತನ್ನ ಮನೆಯ ಮಾತಿನಲ್ಲಿ ಹೇಳಿದ್ದಾನೆ. 'ಮನು' ಅಂತ ಓದಿದ್ದರೆ ಚಿಂತೆ ಮಾಡಬೇಕಿತ್ತು.

ಎಷ್ಟು ದಿನ ಬೇಕು ಅಂದರೆ, ಅವಸರ ಬೇಡ. ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ತುಂಬಾ ಸಮಾಧಾನ ಕೊಟ್ಟಿತು. ನಮ್ಮ ಅಕ್ಷರಗಳ ಪಟ್ಟಿ ಉದ್ದ ಇರುವುದರಿಂದ ಕಲಿಕೆ ಮೊದಲ ಒಂದೆರಡು ವರ್ಷದಲ್ಲಿ ಮುಗಿಯಲ್ಲ, ಮೂರನೇ ನಾಲ್ಕನೇ ಕ್ಲಾಸಿನವರೆಗೂ ಹೋಗುತ್ತದೆ. ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸುವುದು ಮಕ್ಕಳಿಗೆ ಬೇಗ ಬರುತ್ತದೆ, ಅಕ್ಷರದ ಒಳಗಿನ ಬಿಡಿ ಸದ್ದು ಕೇಳಿಸಿಕೊಳ್ಳುವುದು ನಿಧಾನ. ಕಮಲ ಅಂದರೆ ಮೂರು ಚಪ್ಪಾಳೆ ಸಲೀಸು. 'ಕಿವಿ'ಯಲ್ಲಿ ಕ್ ತೆಗೆದರೆ ಏನು ಉಳಿಯುತ್ತೆ ಅಂದರೆ ತಬ್ಬಿಬ್ಬು. ಉತ್ತರ 'ಇವಿ', ದೊಡ್ಡವರೂ ಒಂದು ಗಳಿಗೆ ಯೋಚಿಸುತ್ತಾರೆ, ಅಲ್ವಾ?

ಇಂಗ್ಲಿಷಿನಲ್ಲಿ ನಿಮ್ಮ ಮಗ ಸಿಕ್ಕಿಬಿದ್ದಿರುವುದು ಇಲ್ಲೇ. ಅಲ್ಲಿ ಅಕ್ಷರದ ಹೆಸರು ಬೇರೆ, ಸದ್ದು ಬೇರೆ. ಸಿ, ಎ, ಟಿ ಮೂರನ್ನೂ ಜೋರಾಗಿ ಕೂಡಿಸಿದರೆ 'ಸಿಯೇಟಿ' ಆಗಬೇಕು, ಟೀಚರ್ ಕ್ಯಾಟ್ ಅನ್ನುತ್ತಾರೆ. ಮಗು ಕೈಮುಗಿದು ಬಾಯಿಪಾಠ ಮಾಡಿಕೊಳ್ಳುತ್ತದೆ. ಬಿಡಿ ಸದ್ದು ಹೇಳಿಕೊಡುವ ಫೋನಿಕ್ಸ್ ಇದಕ್ಕೇ ಇರುವುದು. ಆದರೆ ನಮ್ಮ ಕಡೆ ಅದನ್ನು 'ಕ, ಆ, ಟ' ಅಂತ ಹೇಳಿಸಿಬಿಡುತ್ತಾರೆ, ಪ್ರತಿ ವ್ಯಂಜನಕ್ಕೂ ಒಂದು ಅ ಅಂಟಿಕೊಂಡು ಬರುತ್ತದೆ. ಕನ್ನಡದ ಅಭ್ಯಾಸ ಅದು. ಕ್, ಆ್ಯ, ಟ್ ಅಂತ ಕತ್ತರಿಸಿ ಹೇಳಿಸಿ. ಅರ್ಧಾಕ್ಷರ ಗೊತ್ತಿರುವ ಮಗುವಿಗೆ ಇದು ಬೇಗ ಹೊಂದುತ್ತದೆ.

ಅಲ್ಲಿ 26 ಅಕ್ಷರ, ಸದ್ದು ಸುಮಾರು 44. ಹಾಗಾಗಿ ನೆರೆಹೊರೆ ನೋಡಿ ಓದಬೇಕು. ಕ್ಯಾಪ್ ಅನ್ನುವುದರ ಕೊನೆಗೆ ಇಂಗ್ಲಿಷಿನ ಇ ಸೇರಿಸಿ, ಕೇಪ್ ಆಗುತ್ತದೆ. ಆ ಇ ಬಾಯಿ ಬಿಡಲ್ಲ, ಹಿಂದಿನವನನ್ನು ಮಾತ್ರ ಉದ್ದ ಮಾಡುತ್ತದೆ. ಹಿಂದೆ ಆ ಇ ಯನ್ನೂ ಬಾಯಿಬಿಟ್ಟು ಹೇಳುತ್ತಿದ್ದರು, ಆಮೇಲೆ ಸದ್ದು ಹೋಯಿತು, ಬರಹ ಉಳಿಯಿತು. ಈ ನಿಯಮ ಕಲಿತ ಮರುದಿನವೇ ಮಗು ಹ್ಯಾವ್ ಅನ್ನುವುದನ್ನು 'ಹೇವ್' ಅಂತ ಓದುತ್ತದೆ. ಅದು ಒಳ್ಳೆಯ ಸುದ್ದಿ. ನಿಯಮ ಹತ್ತಿದೆ, ಹೊರಗುಳಿದ ಪದಗಳು ಒಂದೊಂದಾಗಿ ಆಮೇಲೆ ಬರುತ್ತವೆ.

ಎರಡೂ ಭಾಷೆ ಒಂದೇ ಗಂಟೆಯಲ್ಲಿ ಬೇಡ. ಬೆಳಗ್ಗೆ ಒಂದು, ಸಂಜೆ ಒಂದು ಮಾಡಿ. ದಿನಕ್ಕೆ ಹದಿನೈದು ನಿಮಿಷ ಸಾಕು. ಇಷ್ಟು ಮಾಡಿಯೂ ಮೂರನೇ ಕ್ಲಾಸಿಗೆ ಬಂದ ಮೇಲೆ ಸರ, ಅಗಸದಂಥ ಪದಕ್ಕೇ ತಡವರಿಸಿದರೆ, ಮೊದಲು ಕಣ್ಣು ಕಿವಿ ತೋರಿಸಿ, ಆಮೇಲೆ ಡಿಸ್ಲೆಕ್ಸಿಯಾ ಪರೀಕ್ಷೆ ಮಾಡುವವರ ಹತ್ತಿರ ಹೋಗಿ. ಈಗಲೇ ಅಲ್ಲ.

ಮಗನ ಹೆಸರು ನೀವು ಬರೆದಿಲ್ಲ. ಅದರಲ್ಲಿ ಒತ್ತಕ್ಷರ ಇದ್ದರೆ ಇವತ್ತು ರಾತ್ರಿ ಅದನ್ನೇ ದೊಡ್ಡದಾಗಿ ಬರೆದು ಅವನ ಮುಂದಿಟ್ಟು, ಯಾವ ಸದ್ದು ಎಲ್ಲಿ ಅಡಗಿದೆ ತೋರಿಸು ಅಂತ ಕೇಳಿ. ಒತ್ತಿಲ್ಲದಿದ್ದರೆ ನಿಮ್ಮ ಹೆಸರು, ಅದೂ ಇಲ್ಲದಿದ್ದರೆ ಅಜ್ಜಿಯದು. ಅಜ್ಜಿಯಲ್ಲೇ ಒಂದು ಒತ್ತಿದೆ.