ಚಾರ್ಟ್ ಬೇಡ, ಸಾಮಾನಿನ ಚೀಟಿ ನೋಡಿ

ಮನೆಮಂದಿಯೆಲ್ಲ ತಿಂಗಳಿಗೊಂದು ಸಂಕಲ್ಪ ಮಾಡಿದರೆ ಅದನ್ನು ಗುರುತು ಹಾಕಿಡಲು ಆ್ಯಪ್ ಒಳ್ಳೆಯದಾ, ಗೋಡೆ ಚಾರ್ಟ್ ಒಳ್ಳೆಯದಾ ಅಂತ ಕೇಳಿದ್ದೀರಿ. ಓದಿ ನಗು ಬಂತು, ಸ್ವಲ್ಪ ಭಯವೂ ಆಯಿತು. ನಮ್ಮ ಫ್ರಿಜ್ ಮೇಲೆ ಇದ್ದದ್ದೂ ಇದೇ.

ನಮ್ಮದು ದಾವಣಗೆರೆ. ಮನೆಯಲ್ಲಿ ನಾಲ್ಕು ಜನ: ನಾನು, ನಮ್ಮ ಯಜಮಾನರು, ಮಾವ, ಮಗಳು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಟೀಚರ್ ಕೈಗೆ ಸ್ಕೇಲು, ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು ಸಿಕ್ಕರೆ ಏನಾಗುತ್ತದೆ ಗೊತ್ತಲ್ಲ. ಹೊಸ ವರ್ಷಕ್ಕೆ ಮೊದಲೇ ಚಾರ್ಟ್ ರೆಡಿ. ಯಜಮಾನರಿಗೆ ಕುಂದವಾಡ ಕೆರೆಯ ಸುತ್ತ ಬೆಳಗಿನ ವಾಕಿಂಗ್. ಮಗಳಿಗೆ ಊಟದ ಹೊತ್ತಿನಲ್ಲಿ ಮೊಬೈಲ್ ಬಂದ್. ನನಗೆ ಹತ್ತೂವರೆಗೆ ನಿದ್ದೆ. ಮಾವನವರಿಗೆ ಸಂಜೆಯ ಮಂಡಕ್ಕಿ-ಮಿರ್ಚಿ ಬಂದ್. ಅವರಿಗೆ ಶುಗರ್ ಇದೆ, ಎಷ್ಟೋ ವರ್ಷದಿಂದ ಮಾತ್ರೆ ತಗೊಳ್ತಿದ್ದಾರೆ. ದಾವಣಗೆರೆಯವರಿಗೆ ಮಂಡಕ್ಕಿ-ಮಿರ್ಚಿ ಬಿಡಿ ಅನ್ನೋದು ಎಂಥ ಶಿಕ್ಷೆ ಅಂತ ಈ ಕಡೆಯವರಿಗೆ ಗೊತ್ತು.

ರಾತ್ರಿ ಮಲಗುವ ಮುಂಚೆ ಅವರವರ ಮನೆಯಲ್ಲಿ, ಅಂದರೆ ಚೌಕದಲ್ಲಿ, ಅವರವರೇ ಸ್ಟಾರ್ ಬರೆಯಬೇಕು. ಸಾಲು ಪೂರ್ತಿ ತುಂಬಿದವರಿಗೆ ತಿಂಗಳ ಕೊನೆಗೆ ಬೆಣ್ಣೆ ದೋಸೆ. ಹೌದು, ಶುಗರ್ ಇರುವವರಿಗೂ. ನಗಬೇಡಿ.

ಯಜಮಾನರು ಜನವರಿಯಲ್ಲಿ ಚೆನ್ನಾಗಿ ನಡೆದರು. ಫೆಬ್ರವರಿ ಬಂತು, ಅವರಿಗೆ ಹೊಸ ಸಂಕಲ್ಪ ಬಂತು, ವಾಕಿಂಗ್ ಹೋಯಿತು. ಕೇಳಿದರೆ "ಅದು ಜನವರಿದು, ಮುಗೀತಲ್ಲ" ಅಂದರು. ನನ್ನ ನಿದ್ದೆಯ ಸಾಲು ಯಾವತ್ತೂ ತುಂಬಲಿಲ್ಲ, ಆ ಕಥೆ ಬೇಡ. ತಿಂಗಳಾದ ಮೇಲೆ ತಿಂಗಳು ಪೂರ್ತಿ ತುಂಬಿದ್ದು ಮಾವನವರ ಸಾಲು ಒಂದೇ. ನಾನು ಸ್ಟಾಫ್ ರೂಮಿನಲ್ಲಿ ಅದರ ಫೋಟೊ ತೋರಿಸಿಕೊಂಡು ಓಡಾಡಿದೆ.

ಏಪ್ರಿಲ್‌ನಲ್ಲಿ ಅವರಿಗೆ ಮೂರು ತಿಂಗಳ ಶುಗರ್ ಟೆಸ್ಟ್ ಮಾಡಿಸಿದೆವು. ಎಚ್‌ಬಿಎ1ಸಿ ಅಂತಾರಲ್ಲ, ಅದು. ಹಿಂದಿನ ಸಲ 7.1 ಇದ್ದದ್ದು 8.3 ಆಗಿತ್ತು. ನಾನು ಲ್ಯಾಬ್‌ನವರು ತಪ್ಪು ಮಾಡಿದ್ದಾರೆ ಅಂತ ಡಾಕ್ಟರ ಹತ್ತಿರ ವಾದಕ್ಕೇ ನಿಂತೆ. ಮೊಬೈಲ್ ತೆಗೆದು ಚಾರ್ಟ್ ಫೋಟೊ ತೋರಿಸಿದೆ. ಡಾಕ್ಟರು ಫೋಟೊ ನೋಡಿದರು, ಮಾವನವರನ್ನು ನೋಡಿದರು. ಮಾವ ಫ್ಯಾನ್ ನೋಡುತ್ತಿದ್ದರು. ಮಾತ್ರೆ ಜಾಸ್ತಿ ಆಯಿತು.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾಡುವ ಟೆಸ್ಟ್ ಆ ಹೊತ್ತಿನ ಸಕ್ಕರೆ ಹೇಳುತ್ತದೆ. ಹಿಂದಿನ ದಿನ ಬಾಯಿ ಕಟ್ಟಿದರೆ ಅದು ಸ್ವಲ್ಪ ಕಡಿಮೆ ಬರಲೂಬಹುದು. ಎಚ್‌ಬಿಎ1ಸಿ ಹಾಗಲ್ಲ. ರಕ್ತದ ಕೆಂಪು ಕಣಗಳು ಸುಮಾರು 120 ದಿನ ಬದುಕುತ್ತವೆ, ಅವಕ್ಕೆ ಅಂಟಿಕೊಂಡ ಸಕ್ಕರೆಯನ್ನು ಇದು ಅಳೆಯುತ್ತದೆ. ಹಾಗಾಗಿ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. ಅಲ್ಲಿ ಸ್ಕೆಚ್ ಪೆನ್ನಿನ ಆಟ ನಡೆಯಲ್ಲ.

ಮನೆಗೆ ಬಂದಾಗ ಮಗಳೇ ಬಾಯಿಬಿಟ್ಟಳು. "ಅಜ್ಜ ದಿನಾ ಗಾಡಿ ಹತ್ರ ತಿಂತಾರಮ್ಮ, ನಂಗೂ ಕೊಡಿಸ್ತಾರೆ." ಆಮೇಲೆ ಚಾರ್ಟ್ ಹತ್ತಿರ ಹೋಗಿ ಸರಿಯಾಗಿ ನೋಡಿದೆ. ಮಗಳ ಸಾಲಿನಲ್ಲಿ ಸೋಮವಾರದಿಂದ ಭಾನುವಾರದವರೆಗೆ ಎಲ್ಲ ಸ್ಟಾರೂ ಒಂದೇ ಕಡೆ ವಾಲಿದ್ದವು. ಒಂದೇ ಸಲ ಕೂತು ಬರೆದದ್ದು. ದಿನಾ ಮಕ್ಕಳ ನೋಟ್ಸ್ ತಿದ್ದುವ ನನಗೆ ಇದು ಕಾಣಲಿಲ್ಲ ನೋಡಿ.

ಈಗ ಇದರಲ್ಲಿ ನನ್ನ ತಪ್ಪು ಎಲ್ಲಿತ್ತು ಅಂತ ಬಿಡಿಸಿ ಹೇಳುತ್ತೇನೆ. ನೀವೂ ಅದನ್ನೇ ಮಾಡಲು ಹೊರಟಿದ್ದೀರಿ, ಅದಕ್ಕೇ ಇಷ್ಟು ಉದ್ದ.

ನಮ್ಮ ಯಜಮಾನರು ದೋಸೆಯ ಆಸೆ ತೋರಿಸಿದ್ದೇ ತಪ್ಪು ಅಂತಾರೆ. ಅದೂ ಇರಬಹುದು, ಆದರೆ ಮಾವನವರು ದೋಸೆಗೆ ಸುಳ್ಳು ಹೇಳುವವರಲ್ಲ. ದೋಸೆ ಬೇಕಾದರೆ ಅವರೇ ಹೋಗಿ ತಿಂದು ಬರುತ್ತಾರೆ. ತಪ್ಪು ಇದ್ದದ್ದು ಖಾಲಿ ಚೌಕದಲ್ಲಿ. ಹೋದವರು ಬಂದವರಿಗೆಲ್ಲ ಕಾಣುವ ಹಾಗೆ ಅದನ್ನು ಫ್ರಿಜ್ ಮೇಲೆ ಅಂಟಿಸಿದ್ದರಲ್ಲಿ. ಮಾವನವರು ಕಾಟನ್ ಮಿಲ್ಲಿನಲ್ಲಿ ಲೆಕ್ಕ ಬರೆದವರು. ಒಂದು ರೂಪಾಯಿ ತಾಳೆ ಆಗದಿದ್ದರೆ ರಾತ್ರಿ ಮನೆಗೆ ಬರುತ್ತಿರಲಿಲ್ಲವಂತೆ. ಅಂಥವರ ಹೆಸರಿನ ಮುಂದೆ ಖಾಲಿ ಜಾಗ, ಅದೂ ಮೊಮ್ಮಗಳ ಕಣ್ಣೆದುರಿಗೆ. ಮೊದಲ ವಾರ ಅವರು ಒಂದು ದಿನ ಬಿಟ್ಟಿದ್ದರು. ನಿಜವಾಗಿ ತಿಂದಿದ್ದರು, ನಿಜವಾಗಿ ಖಾಲಿ ಬಿಟ್ಟಿದ್ದರು. ಮರುದಿನ ನಾನು ಮೆತ್ತಗೆ, ಮರ್ಯಾದೆಯಿಂದಲೇ, "ಮಾವ, ನಿನ್ನೇದು ಯಾಕೆ ಖಾಲಿ?" ಅಂದೆ. ಅಷ್ಟೇ. ಆಮೇಲೆ ಅವರ ಚೌಕ ಖಾಲಿ ಇರಲೇ ಇಲ್ಲ.

ಸೊಸೆ ಮಾವನನ್ನು ಏನು ತಿಂದಿರಿ ಅಂತ ವಿಚಾರಿಸುವುದು ನಮ್ಮ ಮನೆಯಲ್ಲಿ ಇರಲಿಲ್ಲ. ಆ ಹಾಳೆ ಬಂದು ನನ್ನನ್ನು ಹಾಗೆ ಕೇಳುವವಳನ್ನಾಗಿ ಮಾಡಿತು.

ನಿಜವಾದ ನಷ್ಟ ಇನ್ನೂ ಬೇರೆ. ಚಾರ್ಟ್ ಬರುವ ಮೊದಲು ಅವರು ಮಂಡಕ್ಕಿಯನ್ನು ಪೇಪರಿನಲ್ಲಿ ಕಟ್ಟಿಸಿಕೊಂಡು ಮನೆಗೆ ತರುತ್ತಿದ್ದರು. ಎಲ್ಲರ ಎದುರು ಕೂತು ತಿನ್ನುತ್ತಿದ್ದರು. ಎಷ್ಟು ತಿಂದರು ಅಂತ ನನಗೆ ಕಾಣುತ್ತಿತ್ತು, ರಾತ್ರಿ ಅನ್ನ ಕಡಿಮೆ ಬಡಿಸುತ್ತಿದ್ದೆ. ಅವರೂ ಸುಮ್ನೆ ಒಂದು ರೊಟ್ಟಿ ತಿಂದು ಏಳುತ್ತಿದ್ದರು. ಚಾರ್ಟ್ ಬಂದ ಮೇಲೆ ಗಾಡಿ ಹತ್ತಿರವೇ ನಿಂತು ತಿಂದರು. ಆಮೇಲೆ ನನಗೆ ಅನುಮಾನ ಬರಬಾರದು ಅಂತ ರಾತ್ರಿ ಹೊಟ್ಟೆ ತುಂಬ ಊಟ ಮಾಡಿದರು. "ಮಂಡಕ್ಕಿ ಬಿಟ್ಟಿದ್ದಾರೆ, ಪಾಪ, ಹಸಿವಾಗುತ್ತೆ" ಅಂತ ನಾನೇ ಇನ್ನೊಂದು ಸೌಟು ಅನ್ನ ಹಾಕಿದೆ! 7.1 ಇದ್ದದ್ದು 8.3 ಆಗಿದ್ದು ಹೀಗೆ ಅಂತ ನನ್ನ ಲೆಕ್ಕ. ಮುಂಚೆ ತಿನ್ನುತ್ತಿದ್ದದ್ದು ಗೊತ್ತಿತ್ತು, ಈಗ ಗೊತ್ತಿಲ್ಲದೆ ಎರಡೆರಡು ಊಟ.

ಹಾಗಾಗಿ ನನ್ನ ಮೊದಲ ಮಾತು: ಬೇರೆಯವರ ಅಭ್ಯಾಸಕ್ಕೆ ಚೌಕ ಎಳೆಯಬೇಡಿ. ಆ್ಯಪ್‌ನಲ್ಲೂ ಬೇಡ, ಗೋಡೆ ಮೇಲೂ ಬೇಡ.

ಎರಡನೇದು, ತಿಂಗಳಿಗೊಂದು ಅನ್ನುವುದನ್ನೇ ಬಿಡಿ. 21 ದಿನ ಮಾಡಿದರೆ ಅಭ್ಯಾಸ ಆಗುತ್ತದೆ ಅನ್ನುವ ಮಾತಿದೆಯಲ್ಲ, ಅದರ ಮೂಲ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್. ಆಪರೇಷನ್ ಆದವರಿಗೆ ಹೊಸ ಮುಖ ಒಗ್ಗಲು ಕನಿಷ್ಠ 21 ದಿನದಷ್ಟು ಬೇಕು ಅಂತ ಅವರು 1960ರಲ್ಲಿ ಬರೆದಿದ್ದರು. ಅದಕ್ಕೂ ನಿಮ್ಮ ವಾಕಿಂಗ್‌ಗೂ ಏನು ಸಂಬಂಧ ಹೇಳಿ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು 12 ವಾರ ಗಮನಿಸಿದ ಒಂದು ಅಧ್ಯಯನ 2010ರಲ್ಲಿ ಬಂತು. ತಾನಾಗಿ ನಡೆಯುವ ಅಭ್ಯಾಸ ಆಗಲು ನಡುಮಟ್ಟದ ಅಂದಾಜು 66 ದಿನ. ಕೆಲವರಿಗೆ 18, ಕೆಲವರಿಗೆ 254 ದಿನದವರೆಗೂ. ಅಂದರೆ ನೀವು ತಿಂಗಳ ಕೊನೆಗೆ ಸಂಕಲ್ಪ ಬದಲಿಸುವಾಗ ಹಳೆಯದು ಅರ್ಧ ಬೆಂದಿರುತ್ತದೆ. ನಮ್ಮ ಯಜಮಾನರ ವಾಕಿಂಗ್ ಹೋದದ್ದೂ ಹಾಗೇ. ಒಂದು ದಿನ ತಪ್ಪಿದರೆ ಹೆಚ್ಚು ವ್ಯತ್ಯಾಸ ಆಗಲ್ಲ ಅಂತಲೂ ಅದೇ ಅಧ್ಯಯನ ಹೇಳಿತು. ಖಾಲಿ ಚೌಕಕ್ಕೆ ನಾನು ಅಷ್ಟು ಹೆದರಿಸಬೇಕಾಗೇ ಇರಲಿಲ್ಲ.

ಈಗ ಏನು ಮಾಡುತ್ತಿದ್ದೇವೆ ಅಂದರೆ, ಮನುಷ್ಯರನ್ನು ಬಿಟ್ಟು ಪ್ಯಾಕೆಟ್‌ಗಳನ್ನು ಲೆಕ್ಕ ಇಡುತ್ತೇವೆ. ತಿಂಗಳ ಲೆಕ್ಕ ಬೇಕೇ ಬೇಕು ಅಂದರೆ ಅದು ಕಿರಾಣಿ ಅಂಗಡಿಯ ಚೀಟಿಯಲ್ಲಿ ಮೊದಲಿಂದಲೂ ಇದೆ, ಯಾರೂ ನೋಡಲ್ಲ ಅಷ್ಟೇ. ಉಪ್ಪು, ಎಣ್ಣೆ, ಸಕ್ಕರೆ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯಿರಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತದೆ. ನಾಲ್ಕು ಜನಕ್ಕೆ ದಿನಕ್ಕೆ 20 ಗ್ರಾಂ. ಒಂದು ಕೆಜಿ ಪ್ಯಾಕೆಟ್ ಕಡಿಮೆ ಅಂದರೂ 50 ದಿನ ಬರಬೇಕು. ಮನೆಯಲ್ಲಿ ಮಕ್ಕಳಿದ್ದರೆ ಇನ್ನೂ ಜಾಸ್ತಿ ದಿನ. ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿಯ ಉಪ್ಪು ಈ ಪ್ಯಾಕೆಟ್‌ನಲ್ಲಿ ಇಲ್ಲ ಅನ್ನುವುದನ್ನೂ ನೆನಪಿಡಿ. ನಮ್ಮ ಮನೆಯ ಪ್ಯಾಕೆಟ್ ತಿಂಗಳೊಳಗೇ ಮುಗಿಯುತ್ತಿತ್ತು. ತಪ್ಪು ಯಾರದ್ದೂ ಅಲ್ಲ, ಸಾರಿಗೆ ಉಪ್ಪು ಹಾಕುವವಳು ನಾನೇ.

ಎಣ್ಣೆ, ತುಪ್ಪ ಎಲ್ಲ ಸೇರಿ ದಿನಕ್ಕೆ ಒಬ್ಬರಿಗೆ ಸುಮಾರು 27 ಗ್ರಾಂ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕ, ದಿನದ ತಟ್ಟೆಯಲ್ಲಿ ಏನೇನು ಎಷ್ಟಿರಬೇಕು ಅಂತ ಅವರು ಹೇಳಿರುವುದು. ನಾಲ್ಕು ಜನಕ್ಕೆ ತಿಂಗಳಿಗೆ ಮೂರೂವರೆ ಲೀಟರ್ ಆಸುಪಾಸು ಆಗುತ್ತದೆ. ನಿಮ್ಮ ಚೀಟಿ ತೆಗೆದು ನೋಡಿ, ಎಷ್ಟು ಬರೆದಿದ್ದೀರಿ ಅಂತ.

ತಾರೀಖು ಬರೆಯುವ ಕೆಲಸವನ್ನು ಮಾವನವರೇ ಕೇಳಿ ತಗೊಂಡರು. ಒಂದು ಹಳೇ ಪುಸ್ತಕದಲ್ಲಿ ಮಿಲ್ಲಿನ ಅಕ್ಷರದಲ್ಲಿ ಬರೆದಿಡುತ್ತಾರೆ. ಎಣ್ಣೆ ಬೇಗ ಮುಗಿದರೆ ನನ್ನನ್ನೇ ಕೇಳುತ್ತಾರೆ, ಏನಮ್ಮ ಈ ಸಲ ಅಂತ. ಕೇಳಲಿ, ಅವರು ಕೇಳಬಹುದು.

ಮಂಡಕ್ಕಿ ಮತ್ತೆ ಮನೆಗೆ ಬಂತು. ದಿನಾ ಇಲ್ಲ, ವಾರಕ್ಕೆ ಎರಡು ಸಲ. ಮಂಡಕ್ಕಿ ನೋಡಲು ಹಗುರ, ಶುಗರ್ ಮಾತ್ರ ಬೇಗ ಏರಿಸುತ್ತದೆ, ಅದಕ್ಕೆ ಈರುಳ್ಳಿ, ಟೊಮೆಟೊ, ಹುರಿಗಡಲೆ ಜಾಸ್ತಿ ಹಾಕುತ್ತೇನೆ. ಮಿರ್ಚಿ ಒಂದೇ. ಆ ರಾತ್ರಿ ಅನ್ನ ಇಲ್ಲ. ಊಟ ಆದ ಮೇಲೆ ಅಜ್ಜ ಮೊಮ್ಮಗಳು ಹದಿನೈದು ನಿಮಿಷ ರಸ್ತೆಯಲ್ಲಿ ಓಡಾಡುತ್ತಾರೆ. ಊಟದ ನಂತರದ ನಡಿಗೆ ಶುಗರ್ ಏರುವುದನ್ನು ತಗ್ಗಿಸುತ್ತದೆ, ಇದು ಡಾಕ್ಟರು ಹೇಳಿದ್ದು. ಮುಂದಿನ ಟೆಸ್ಟ್‌ನಲ್ಲಿ 7.4 ಬಂತು. ಜಾಸ್ತಿ ಮಾಡಿದ ಮಾತ್ರೆಯ ಪಾಲೂ ಅದರಲ್ಲಿ ಇದೆ, ನಮ್ಮದೇ ಪ್ರತಾಪ ಅಂತ ಹೇಳಲಾರೆ. ಆ ಮಾತ್ರೆ ಇನ್ನೂ ಇಳಿದಿಲ್ಲ.

ಆ್ಯಪ್ ವಿಷಯಕ್ಕೆ ಬಂದರೆ, ನಿಮ್ಮೊಬ್ಬರದೇ ಒಂದು ಅಭ್ಯಾಸಕ್ಕೆ, ನೀವೊಬ್ಬರೇ ನೋಡುವ ಹಾಗಿದ್ದರೆ ಇಟ್ಟುಕೊಳ್ಳಿ. ಯಾವುದಾದರೂ ನಡೆಯುತ್ತದೆ, ಅದನ್ನು ಹುಡುಕುತ್ತಾ ವಾರ ಕಳೆಯಬೇಡಿ. ಮನೆಯಲ್ಲಿ ಶುಗರ್ ಇರುವ ಹಿರಿಯರಿದ್ದರೆ ಮೊದಲು ಅವರ ಎಚ್‌ಬಿಎ1ಸಿ ಮಾಡಿಸಿ, ಮುಂದಿನದು ಯಾವಾಗ ಅಂತ ಡಾಕ್ಟರನ್ನೇ ಕೇಳಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಡ್ರಾಯಿಂಗ್ ಶೀಟ್ ಆಗಲೇ ತಂದಿದ್ದರೆ ಮಕ್ಕಳಿಗೆ ಕೊಟ್ಟುಬಿಡಿ.