ಬೆಂಕಿಚೆಂಡು ಕಂಡಿತು, ಕಲ್ಲು ಎಲ್ಲಿ?

ಪ್ರಶ್ನೆ: ರಾತ್ರಿ ತೋಟಕ್ಕೆ ನೀರು ಬಿಡಲು ಹೋದಾಗ ಆಕಾಶದಲ್ಲಿ ದೊಡ್ಡ ಬೆಂಕಿಚೆಂಡು ಹಾದುಹೋಯಿತು. ಪಕ್ಕದ ತೋಟದಾಚೆಗೇ ಬಿದ್ದ ಹಾಗಿತ್ತು. ಬೆಳಿಗ್ಗೆ ಎದ್ದು ಹುಡುಕಿದರೆ ಏನೂ ಇಲ್ಲ. ಆಸ್ಟ್ರೇಲಿಯಾದಲ್ಲಿ ಕ್ಯಾಮೆರಾ ಇಟ್ಟು ಇಂಥ ಕಲ್ಲು ಹುಡುಕುತ್ತಾರಂತೆ. ಅದು ಹೇಗೆ?
– ಓದುಗರೊಬ್ಬರು, ತಿಪಟೂರು

ಉತ್ತರ: ಪಾಪ, ಸುಮ್ನೆ ತೋಟ ಸುತ್ತಿದಿರಿ! ನೀವು ನೋಡಿದ ಬೆಂಕಿ ನೆಲದಿಂದ ಹತ್ತಾರು ಕಿಲೋಮೀಟರ್ ಎತ್ತರದಲ್ಲಿ ಉರಿದದ್ದು, ಬಹುಶಃ ಒಂದೆರಡು ಜಿಲ್ಲೆ ಆಚೆ. ಪಕ್ಕದ ಜಿಲ್ಲೆಯಲ್ಲಿ ನೋಡಿದವರಿಗೂ ಅದು ಅವರ ಪಕ್ಕದ ತೋಟದಲ್ಲೇ ಬಿದ್ದ ಹಾಗೆ ಕಂಡಿರುತ್ತದೆ.

ಒಂದು ಕ್ಯಾಮೆರಾಗೂ ಇದೇ ಕಷ್ಟ. ದಿಕ್ಕು ಗೊತ್ತಾಗುತ್ತದೆ, ದೂರ ಗೊತ್ತಾಗುವುದಿಲ್ಲ. ನೂರು ಕಿಲೋಮೀಟರ್ ಆಚೆ ಇನ್ನೊಂದು ಕ್ಯಾಮೆರಾ ಇದ್ದರೆ ಅದೇ ಬೆಳಕಿನ ಗೆರೆ ಅಲ್ಲಿಂದ ಬೇರೆ ನಕ್ಷತ್ರಗಳ ನಡುವೆ ಕಾಣುತ್ತದೆ, ಎರಡನ್ನೂ ಹೊಂದಿಸಿದರೆ ಉಲ್ಕೆ ಹಾದ ದಾರಿ ಸಿಗುತ್ತದೆ. ವೇಗ ತಿಳಿಯಲು ಹಳೆಯ ಕ್ಯಾಮೆರಾಗಳಲ್ಲಿ ಫ್ಯಾನಿನ ರೆಕ್ಕೆಯಂಥದ್ದು ತಿರುಗುತ್ತಾ ಬೆಳಕನ್ನು ತಡೆದು ತಡೆದು ಬಿಡುತ್ತಿತ್ತು. ಫೋಟೋದಲ್ಲಿ ಗೆರೆ ತುಂಡು ತುಂಡಾಗಿ ಬರುತ್ತಿತ್ತು, ತುಂಡು ಅಳೆದರೆ ವೇಗ ಸಿಕ್ಕಂತೆ. 1959ರ ಏಪ್ರಿಲ್ 7ರಂದು ಆಗಿನ ಜೆಕೊಸ್ಲೊವಾಕಿಯಾದಲ್ಲಿ ಹೀಗೆ ಫೋಟೋಗೆ ಸಿಕ್ಕ ಉಲ್ಕೆಯ ಕಲ್ಲುಗಳು ಪ್ರಿಬ್ರಾಮ್ ಊರಿನ ಬಳಿ ಸಿಕ್ಕವು. ಕಲ್ಲು ಸೂರ್ಯನನ್ನು ಯಾವ ದಾರಿಯಲ್ಲಿ ಸುತ್ತುತ್ತಿತ್ತು ಅಂತ ಫೋಟೋದಿಂದ ತಿಳಿದದ್ದು ಅದೇ ಮೊದಲು. ಈ ಕ್ಯಾಮೆರಾಗಳ ದೊಡ್ಡ ಲಾಭ ಇದೇ ಅಂತ ನನಗನ್ನಿಸುತ್ತದೆ. ಬರೀ ಕಲ್ಲು ಸಿಕ್ಕರೆ ಅದು ಊರು ಹೇಳದ ನೆಂಟನ ಹಾಗೆ, ಎಲ್ಲಿಂದ ಬಂತೋ ಗೊತ್ತಿಲ್ಲ.

ನಿಜವಾದ ತಲೆನೋವು ಬೆಳಕು ಆರಿದ ಮೇಲೆ. ಗಾಳಿಯ ತಡೆಗೆ ವೇಗ ಸೆಕೆಂಡಿಗೆ ಸುಮಾರು 3 ಕಿಲೋಮೀಟರಿಗೆ ಇಳಿದಾಗ ಕಲ್ಲು ಉರಿಯುವುದು ನಿಲ್ಲುತ್ತದೆ, ಆಗಲೂ ಅದು 20–30 ಕಿಲೋಮೀಟರ್ ಮೇಲಿರುತ್ತದೆ. ಅಲ್ಲಿಂದ ಕತ್ತಲಲ್ಲೇ ಬೀಳುತ್ತದೆ, ದಾರಿಯಲ್ಲಿ ಗಾಳಿ ಎಳೆದ ಕಡೆ ಹೋಗುತ್ತದೆ. ಆ ರಾತ್ರಿಯ ಗಾಳಿಯ ಲೆಕ್ಕ ಹಾಕಿ, ಇಲ್ಲಿ ಬಿದ್ದಿರಬಹುದು ಅಂತ ನೆಲದ ಒಂದು ಪಟ್ಟಿ ಗುರುತಿಸಿ, ಆಮೇಲೆ ಜನ ಸಾಲಾಗಿ ನಡೆದು ಹುಡುಕಬೇಕು.

ಆಸ್ಟ್ರೇಲಿಯಾದವರು ಮರುಭೂಮಿ ಆರಿಸಿಕೊಂಡದ್ದು ಇದಕ್ಕೇ. ನಲ್ಲರ್ಬಾರ್ ಬಯಲಲ್ಲಿ ಮರವಿಲ್ಲ, ನೆಲ ತಿಳಿ ಬಣ್ಣದ್ದು, ಕಪ್ಪು ಕಲ್ಲು ಎದ್ದು ಕಾಣುತ್ತದೆ. ಆದರೂ ಎಲ್ಲ ಸಲೀಸಲ್ಲ. 2015ರ ನವೆಂಬರ್ 27ರಂದು ಒಂದು ಕಲ್ಲು ಹೋಗಿ ಬಿದ್ದದ್ದು ಐರ್ ಸರೋವರದ ಉಪ್ಪು ಕೆಸರಿಗೆ! ವಿಮಾನದಿಂದ ನೋಡಿದಾಗ ಬಿದ್ದ ಗುರುತು ಕಂಡಿತ್ತು, ಆದರೆ ಮಳೆ ಬಂದರೆ ಅದೂ ಅಳಿಸಿಹೋಗುತ್ತದೆ. ಅಲ್ಲಿನ ಮೂಲನಿವಾಸಿ ಅರಬಾನ ಜನರ ನೆರವಿನಿಂದ ಹೋಗಿ, ಡಿಸೆಂಬರ್ 31ರಂದು ಕರ್ಟಿನ್ ವಿಶ್ವವಿದ್ಯಾಲಯದ ಫಿಲ್ ಬ್ಲಾಂಡ್ 42 ಸೆಂಟಿಮೀಟರ್ ಆಳದಿಂದ 1.68 ಕಿಲೋ ಕಲ್ಲು ತೆಗೆದರು. ಅದರ ಹೆಸರು ಮುರಿಲಿ. ಹೊಸ ವರ್ಷದ ಹಿಂದಿನ ದಿನ ಕೆಸರಲ್ಲಿ ಕೈ ಹಾಕಿಕೊಂಡು ಕೂತಿದ್ದರು ನೋಡಿ!

ಇಂಗ್ಲೆಂಡಿನವರ ಅದೃಷ್ಟ ಬೇರೆ. 2021ರ ಫೆಬ್ರವರಿ 28ರ ಬೆಂಕಿಚೆಂಡಿನ ಕಲ್ಲು ವಿಂಚ್‌ಕಂಬ್‌ನಲ್ಲಿ ಮನೆಯೊಂದರ ಅಂಗಳಕ್ಕೇ ಬಂದು ಪುಡಿಯಾಯಿತು, ಅಪರೂಪದ ಇಂಗಾಲದ ಜಾತಿಯದು.

ಇನ್ನು ನಿಮ್ಮ ಕೆಲಸ. ತೋಟದಲ್ಲಿ ಕಪ್ಪು ಕಲ್ಲು ಸಿಕ್ಕರೂ ತೂತು ತೂತಾಗಿದ್ದರೆ ಅದು ಹೆಚ್ಚಾಗಿ ಕಬ್ಬಿಣದ ಕಿಟ್ಟ, ಆಸೆ ಬಿಡಿ. ಮತ್ತೆ ಬೆಂಕಿಚೆಂಡು ಕಂಡರೆ ಹುಡುಕಲು ಓಡಬೇಡಿ. ಎಲ್ಲಿ ನಿಂತಿದ್ದಿರಿ, ಎಷ್ಟು ಹೊತ್ತಿಗೆ, ಯಾವ ತೆಂಗಿನಮರದ ತಲೆಯ ಹತ್ತಿರ ಬೆಳಕು ಆರಿತು ಅಂತ ಬರೆದಿಡಿ. ಊರಿನ ಅಂಗಡಿಯಲ್ಲಿ ಸಿಸಿಟಿವಿ ಇದೆ ಅಲ್ವಾ? ರೆಕಾರ್ಡಿಂಗ್ ಅಳಿಸಿಹೋಗುವ ಮೊದಲು ಒಂದು ಕಾಪಿ ಕೇಳಿ ಇಟ್ಟುಕೊಳ್ಳಿ.