ಕೇಳಿ, ಹೇಳುತ್ತೇವೆ: ಕೂಸಿನ ತಲೆಗೆ ಕುಲಾವಿ ಯಾವಾಗ, ಎಂಥದ್ದು?

ಮುಂಗಾರು ಹಿಡಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಟೋಪಿಯದ್ದೇ. ಬಯಲುಸೀಮೆಯಿಂದ ಬಂದ ಒಂದು ಮಾತ್ರ ಬಿಸಿಲಿನದು. ಒಂದೇ ಬಗೆಯವನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರದ ಹಳ್ಳಿ. ಮಗುವಿಗೆ ನಲವತ್ತು ದಿನ, ತೂಕ ಚೆನ್ನಾಗಿದೆ. ಮಳೆ ಹಿಡಿದರೆ ವಾರಗಟ್ಟಲೆ ಬಿಸಿಲೇ ಇಲ್ಲ. "ನೆತ್ತಿ ಇನ್ನೂ ಕೂಡಿಲ್ಲ, ಥಂಡಿ ಇಳಿಯುತ್ತೆ, ಹಗಲೂ ರಾತ್ರಿ ಕುಲಾವಿ ತೆಗೀಬೇಡ" ಅಂತಾರೆ ಅತ್ತೆ. ರಾತ್ರಿ ಟೋಪಿ ಹಾಕಿ ಮಲಗಿಸಬೇಡಿ ಅಂತಾರೆ ನರ್ಸ್. ಯಾರ ಮಾತು ಕೇಳಲಿ?

ಉತ್ತರ: ಇಬ್ಬರೂ ಸರಿಯೇ. ಅತ್ತೆಯವರ ಮಾತು ಮೊದಲ ದಿನಗಳಿಗೆ, ನರ್ಸ್ ಮಾತು ಈಗಿನದಕ್ಕೆ.

ಹುಟ್ಟಿದ ಕೂಸಿನ ಮೈಯಲ್ಲಿ ತಲೆಯದೇ ಸುಮಾರು ಐದನೇ ಒಂದು ಪಾಲು. ಒದ್ದೆ ಮೈಯಲ್ಲಿ ಹೊರಬರುವುದರಿಂದ ಮೈ ಬೇಗ ತಣ್ಣಗಾಗುತ್ತದೆ. ಅದಕ್ಕೇ ಹೆರಿಗೆ ಕೋಣೆಯಲ್ಲಿ ತಲೆ ಒರೆಸಿ ತಕ್ಷಣ ಟೋಪಿ ಹಾಕುವುದು, ಮೊದಲ ಸ್ನಾನವನ್ನು 24 ಗಂಟೆ ಮುಂದಕ್ಕೆ ಹಾಕುವುದು. ಅವಧಿಗೆ ಮುಂಚೆ ಹುಟ್ಟಿದ ಅಥವಾ 2.5 ಕಿಲೋಗಿಂತ ಕಡಿಮೆ ತೂಕದ ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಅಪ್ಪಿಕೊಂಡಿರುವಾಗಲೂ ಟೋಪಿ ಬೇಕೇ ಬೇಕು. ಅಂಥ ಮಕ್ಕಳಿಗೆ ಎಷ್ಟು ದಿನ ಎಂಬುದನ್ನು ವೈದ್ಯರು ಹೇಳುತ್ತಾರೆ.

ನಿಮ್ಮ ಮಗು ಆ ಹಂತ ದಾಟಿದೆ. ಈಗ ಮೈ ತುಂಬ ಬಟ್ಟೆ, ಮೇಲೆ ಹೊದಿಕೆ. ಹೆಚ್ಚಾದ ಶಾಖ ಹೊರಹೋಗಲು ಉಳಿದಿರುವುದು ತಲೆ, ಮುಖ ಅಷ್ಟೇ. ಅದನ್ನೂ ಮುಚ್ಚಿದರೆ ಮೈ ಒಳಗೇ ಕುದಿಯುತ್ತದೆ. ದೊಡ್ಡವರಾದರೆ ರಗ್ಗು ಒದ್ದು ಎಸೆಯುತ್ತಾರೆ, ಕೂಸಿಗೆ ಅದು ಆಗದು. ನಿದ್ದೆಯಲ್ಲಿ ತಲೆ ಹೊರಳಿಸಿದಾಗ ಟೋಪಿ ಜಾರಿ ಮೂಗಿನ ಮೇಲೆ ಬಂದರೆ ತಳ್ಳಲೂ ಬಾರದು. ಹಸುಗೂಸುಗಳು ನಿದ್ದೆಯಲ್ಲೇ ದಿಢೀರನೆ ತೀರಿಕೊಳ್ಳುವ ಪ್ರಕರಣಗಳ ಅಪಾಯವನ್ನು ಮೈ ಅತಿಯಾಗಿ ಬಿಸಿಯಾಗುವುದೂ ಹೆಚ್ಚಿಸುತ್ತದೆಂದು ಗುರುತಿಸಲಾಗಿದೆ. ಆದ್ದರಿಂದ ಮನೆಯೊಳಗೆ ಮಲಗಿಸುವಾಗ ಟೋಪಿ ಬೇಡ. ಎಚ್ಚರವಿರುವ ಮಗುವನ್ನು ಎತ್ತಿಕೊಂಡು ಜಗಲಿಗೋ ಅಂಗಳಕ್ಕೋ ಹೋಗುವಾಗ ಹಾಕಿ, ಒಳಗೆ ಬಂದ ಮೇಲೆ ತೆಗೆಯಿರಿ.

ನೆತ್ತಿಯ ಭಯವನ್ನು ಅತ್ತೆಯವರಿಗೆ ಹೀಗೆ ಬಿಡಿಸಿ ಹೇಳಬಹುದು. ಹಿಂದಿನ ನೆತ್ತಿ ಸುಮಾರು ಎರಡು ತಿಂಗಳಿಗೆ, ಮುಂದಿನದು ಸಾಮಾನ್ಯವಾಗಿ 9ರಿಂದ 18 ತಿಂಗಳೊಳಗೆ ಕೂಡುತ್ತದೆ. ಅಲ್ಲಿ ಮೂಳೆ ಇಲ್ಲದಿದ್ದರೂ ಚರ್ಮದಡಿ ಗಟ್ಟಿ ಪೊರೆಯಿದೆ, ಅದರ ಮೂಲಕ ಥಂಡಿ ಮಿದುಳಿಗೆ ಇಳಿಯುವುದಿಲ್ಲ. ನೆತ್ತಿಯಲ್ಲಿ ನಿಜವಾಗಿ ನೋಡಬೇಕಾದ್ದು ಬೇರೆ: ತೀರಾ ಕುಳಿ ಬಿದ್ದಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ, ಅಳದೆ ಸುಮ್ಮನಿರುವಾಗಲೂ ಉಬ್ಬಿ ಬಿಗಿಯಾಗಿದ್ದರೆ ಅಪಾಯ. ಎರಡಕ್ಕೂ ತಡಮಾಡದೆ ಆಸ್ಪತ್ರೆ.

ಚಳಿಯಾಗಿದೆಯೇ ಎಂದು ನೋಡಲು ಅಂಗೈ, ಅಂಗಾಲು ಮುಟ್ಟಿದರೆ ಸಾಲದು, ಅವು ಹೇಗೂ ತುಸು ತಣ್ಣಗಿರುತ್ತವೆ. ಕತ್ತಿನ ಹಿಂಭಾಗಕ್ಕೋ ಎದೆಗೋ ಎರಡು ಬೆರಳು ಇಡಿ. ಬೆಚ್ಚಗೆ, ಒಣಗಿದ್ದರೆ ಸರಿ. ಬೆವರಿದ್ದರೆ ಒಂದು ಪದರ ತೆಗೆಯಿರಿ, ತಣ್ಣಗಿದ್ದರೆ ಒಂದು ಪದರ ಹೆಚ್ಚಿಸಿ. ನಿಮಗೆ ಹಾಯೆನಿಸುವುದಕ್ಕಿಂತ ಒಂದು ಪದರ ಹೆಚ್ಚು ಎಂಬುದು ಅಂದಾಜು ಲೆಕ್ಕ. ಎರಡು ತಿಂಗಳೊಳಗಿನ ಮಗುವಿಗೆ ಕಂಕುಳಲ್ಲಿ 37.5 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ ಹೊದಿಕೆಯ ಶಾಖವೆಂದು ಕಾಯುತ್ತ ಕೂರಬೇಡಿ, ಅಂದೇ ತೋರಿಸಿ.

ಕೇಳದಿದ್ದರೂ ಒಂದು ಮಾತು. ಟೋಪಿಗಿಂತ ಹೆಚ್ಚು ಹೆದರಬೇಕಾದ್ದು ಬಾಣಂತಿ ಕೋಣೆಯ ಬಾಗಿಲು, ಕಿಟಕಿ ಮುಚ್ಚಿ ಇಡುವ ಕೆಂಡದ ಅಗ್ಗಿಷ್ಟಿಕೆಗೆ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ತಾಯಿ ಮಗು ಇಬ್ಬರ ಜೀವವನ್ನೂ ತೆಗೆಯಬಲ್ಲದು. ಸ್ನಾನವಾದ ಮೇಲೆ ತಲೆಗೆ ಕೊಡುವ ಸಾಂಬ್ರಾಣಿ ಹೊಗೆಯೂ ಎಳೆಯ ಶ್ವಾಸಕೋಶಕ್ಕೆ ಆಗದು. ಒಣ ಪಂಚೆಯಿಂದ ಒತ್ತಿ ಒರೆಸಿದರೆ ಕೂಸಿನ ಕೂದಲು ನಿಮಿಷಗಳಲ್ಲಿ ಆರುತ್ತದೆ. ಒದ್ದೆ ತಲೆಗೆ ಮಾತ್ರ ಕುಲಾವಿ ಹಾಕಬೇಡಿ, ಬಟ್ಟೆ ನೀರು ಹೀರಿ ತಲೆ ಇನ್ನೂ ತಣ್ಣಗಾಗುತ್ತದೆ.

ಪ್ರಶ್ನೆ: ಮನೆಯಲ್ಲೇ ಹೊಲಿಗೆ ಯಂತ್ರ ಇದೆ. ಅಂಗಡಿಯ ಟೋಪಿ ಹಣೆ ಮೇಲೆ ಕೆಂಪು ಗೆರೆ ಮೂಡಿಸುತ್ತದೆ. ಅಳತೆ ತಿಳಿಸಿ. (ಹಾಸನ)

ಉತ್ತರ: ಆ ಗೆರೆ ಎಲಾಸ್ಟಿಕ್‌ನದು. ಹಸುಗೂಸಿನ ಟೋಪಿಗೆ ಎಲಾಸ್ಟಿಕ್ ಹಾಕಲೇಬೇಡಿ, ಹಿಗ್ಗುವ ಬನಿಯನ್ ಬಟ್ಟೆಯೇ ಹಿಡಿದು ನಿಲ್ಲುತ್ತದೆ.

ಟೇಪನ್ನು ಹುಬ್ಬಿನ ಮೇಲಿಂದ, ಕಿವಿಗಳ ಮೇಲಾಗಿ, ಹಿಂದಲೆ ಅತಿ ಹೆಚ್ಚು ಉಬ್ಬಿರುವ ಕಡೆ ಸುತ್ತಿ ಅಳೆಯಿರಿ. ದಿನ ತುಂಬಿ ಹುಟ್ಟಿದ ಮಗುವಿಗೆ ಸಾಮಾನ್ಯವಾಗಿ 33ರಿಂದ 35 ಸೆಂಟಿಮೀಟರ್ ಇರುತ್ತದೆ. ಸುತ್ತಳತೆ 34 ಎಂದುಕೊಳ್ಳಿ. ಬಟ್ಟೆ ಅಡ್ಡಕ್ಕೆ ಹಿಗ್ಗುವಂತೆ ಇಟ್ಟು, 18 ಸೆಂ.ಮೀ. ಅಗಲ, 18 ಎತ್ತರದ ಎರಡು ತುಂಡು ಕತ್ತರಿಸಿ. ಮೇಲಿನ ಅರ್ಧವನ್ನು ಕಮಾನಿನಂತೆ ದುಂಡಗೆ ಮಾಡಿ. ಎರಡೂ ಬದಿ ಮತ್ತು ಕಮಾನಿಗೆ 1 ಸೆಂ.ಮೀ. ಬಿಟ್ಟು ಹೊಲಿದರೆ ಸುತ್ತಳತೆ 32 ಬರುತ್ತದೆ, ಅಂದರೆ ತಲೆಗಿಂತ 2 ಕಡಿಮೆ. ಹಿಗ್ಗಿ ಸರಿಯಾಗಿ ಕೂರುತ್ತದೆ. ಕೆಳಗೆ 3 ಸೆಂ.ಮೀ. ಹೊರಕ್ಕೆ ಮಡಚಿ. ತಲೆ ಬೆಳೆದಂತೆ ಈ ಮಡಿಕೆ ಬಿಚ್ಚಿದರೆ ಎತ್ತರವೇನೋ ಸಿಗುತ್ತದೆ, ಸುತ್ತಳತೆ ಸಿಗುವುದಿಲ್ಲ. ಮೊದಲ ಮೂರು ತಿಂಗಳು ತಲೆ ತಿಂಗಳಿಗೆ ಸುಮಾರು 2 ಸೆಂ.ಮೀ., ಮುಂದಿನ ಮೂರು ತಿಂಗಳು ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಹಾಗಾಗಿ ಒಂದೇ ಅಳತೆಯ ಆರು ಟೋಪಿ ಹೊಲಿಯುವುದು ದಂಡ. 34, 38, 42ಕ್ಕೆ ಎರಡೆರಡು ಹೊಲಿಯಿರಿ.

ಬನಿಯನ್ ಬಟ್ಟೆಗೆ ನೇರ ಹೊಲಿಗೆ ಹಾಕಿದರೆ ಹಿಗ್ಗಿಸಿದಾಗ ದಾರ ಪಟ್ಟನೆ ಕಿತ್ತುಬರುತ್ತದೆ. ಸಣ್ಣ ಜಿಗ್‌ಜಾಗ್ ಹಾಕಿ. ಆ ಸೌಲಭ್ಯ ಯಂತ್ರದಲ್ಲಿಲ್ಲದಿದ್ದರೆ ಬಟ್ಟೆಯನ್ನು ತುಸು ಎಳೆದು ಹಿಡಿದು ಹೊಲಿಯಿರಿ. ಮೊದಲ ತಿಂಗಳ ಟೋಪಿಗೆ ಹೊಲಿಗೆಯ ಅಂಚು ಹೊರಮುಖ ಇರಲಿ. ನೋಡಲು ತಿರುಗುಮುರುಗು ಅನಿಸಿದರೂ ಮಗುವಿನ ನೆತ್ತಿಗೆ ನಯವಾದ ಬದಿಯೇ ತಾಗಬೇಕು. ಹಾಕಿದ ಮೇಲೆ ಅಂಚಿನೊಳಗೆ ನಿಮ್ಮ ಕಿರುಬೆರಳು ಸಲೀಸಾಗಿ ಹೋಗಬೇಕು, ಕಿವಿಯ ಹಾಳೆ ಮುಂದಕ್ಕೆ ಮಡಚಿಕೊಂಡಿರಬಾರದು. ಮೊದಲ ವಾರಗಳಲ್ಲಿ ಕಿವಿಯ ಮೃದ್ವಸ್ಥಿ ಮೆತ್ತಗಿರುತ್ತದೆ, ಒತ್ತಿದಂತೆ ಬಾಗುತ್ತದೆ.

ಮಲ್‌ಮಲ್ ಬಟ್ಟೆಯ ಸಾಂಪ್ರದಾಯಿಕ ಕುಲಾವಿಯಾದರೆ ಲೆಕ್ಕ ತಿರುಗುತ್ತದೆ. ಅದು ಹಿಗ್ಗದ ಬಟ್ಟೆ, ಸುತ್ತಳತೆಗೆ 2 ಸೆಂ.ಮೀ. ಸೇರಿಸಬೇಕು. ಕಟ್ಟುವ ಲಾಡಿ ಒಂದೊಂದೂ 15 ಸೆಂ.ಮೀ. ಸಾಕು. ಗಲ್ಲದ ಕೆಳಗೆ ಎರಡು ಬೆರಳು ಆಡುವಷ್ಟು ಸಡಿಲ ಬಿಟ್ಟು ಕಟ್ಟಿ, ಮಲಗಿಸುವ ಮೊದಲು ಬಿಚ್ಚಿ ತೆಗೆಯಿರಿ. ಲಾಡಿ ಬದಲು ವೆಲ್ಕ್ರೋ ಹಾಕಿದರೆ ಕತ್ತು ಗೀರುತ್ತದೆ, ಟಿಚ್ ಬಟನ್ ಕಿತ್ತರೆ ನೇರ ಬಾಯಿಗೆ. ಉಣ್ಣೆಯ ಗೊಂಡೆ, ಮಣಿ, ದೃಷ್ಟಿಗೆಂದು ಚುಚ್ಚುವ ಪಿನ್ನು ಇವೂ ಬೇಡ. ದೃಷ್ಟಿಬೊಟ್ಟು ಇಟ್ಟರಾಯಿತು.

ಅಂಗಡಿಯಲ್ಲಿ ವುಲ್ಲನ್ ಎಂದು ಕೊಡುವುದು ಹೆಚ್ಚಾಗಿ ಅಕ್ರಿಲಿಕ್. ಅದು ಬೆವರು ಹೀರುವುದಿಲ್ಲ, ಬೆವರುಸಾಲೆ ಏಳುತ್ತದೆ. ಹಾಕಲೇಬೇಕೆಂದರೆ ಒಳಗೊಂದು ಹತ್ತಿಯ ಟೋಪಿ ಇರಲಿ.

ಪ್ರಶ್ನೆ: ಕೊಪ್ಪದ ಅಜ್ಜಿಮನೆಯ ಟ್ರಂಕಿನಲ್ಲಿ ನನ್ನದೇ ಹಳೆಯ ಕುಂಚಿಗೆ, ಕುಲಾವಿಗಳಿವೆ. ಹತ್ತು ದಿನದ ಮಗಳಿಗೆ ಹಾಕಬಹುದೆ?

ಉತ್ತರ: ಟ್ರಂಕಿನಲ್ಲಿ ನುಸಿಗುಳಿಗೆ ಇಟ್ಟಿದ್ದರೆ ಈಗಲೇ ಹಾಕಬೇಡಿ. ಬಿಳಿಯ ಆ ಡಾಂಬರು ಗುಳಿಗೆಗಳಲ್ಲಿ ನ್ಯಾಫ್ಥಲೀನ್ ಇರುತ್ತದೆ. ಜಿ-ಸಿಕ್ಸ್-ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಕಾಮಾಲೆ ಮಿದುಳಿಗೆ ಹಾನಿಯಾಗುವ ಮಟ್ಟಕ್ಕೂ ಏರಬಹುದು. ಕೊರತೆ ಇದೆಯೋ ಇಲ್ಲವೋ ಹೊರನೋಟಕ್ಕೆ ಗೊತ್ತಾಗದು. ನ್ಯಾಫ್ಥಲೀನ್ ಎಣ್ಣೆಯಲ್ಲಿ ಕರಗುವುದರಿಂದ ಹರಳೆಣ್ಣೆ ಹಚ್ಚಿದ ನೆತ್ತಿ ಅದನ್ನು ಇನ್ನೂ ಬೇಗ ಹೀರುತ್ತದೆ. ಒಗೆದು, ಹಲವು ದಿನ ಗಾಳಿಗೆ ಹರವಿ, ವಾಸನೆ ಪೂರ್ತಿ ಹೋದ ಮೇಲೆ, ಮಗುವಿಗೆ ಒಂದೆರಡು ತಿಂಗಳಾದ ನಂತರ ನೋಡಬಹುದು. ಗುಳಿಗೆಯೇ ಇಟ್ಟಿರಲಿಲ್ಲ ಎಂದಾದರೆ ಬಿಸಿನೀರಿನಲ್ಲಿ ಒಗೆದು, ಸೋಪು ಉಳಿಯದಂತೆ ಜಾಲಿಸಿ, ಇಸ್ತ್ರಿ ಹಾಕಿ ಬಳಸಿ. ಕಪ್ಪು ಬೂಷ್ಟಿನ ಚುಕ್ಕೆ ಬಿದ್ದದ್ದನ್ನು ನೆನಪಿಗೆಂದು ಎತ್ತಿಡಿ, ಹಾಕಬೇಡಿ. ಕುಂಚಿಗೆಯ ಬೆನ್ನಿನ ಸೆರಗು ಮಗು ಅಂಗಾತ ಮಲಗಿದಾಗ ಸುರುಟಿ ಕತ್ತಿನಡಿ ಸೇರುತ್ತದೆ. ಅದು ಎತ್ತಿಕೊಂಡಾಗಿನ ಉಡುಗೆ.

ಪ್ರಶ್ನೆ: ಕಡೂರಿನ ಬಿಸಿಲು. ಏಳು ತಿಂಗಳ ಮಗನಿಗೆ ಎಂಥ ಟೋಪಿ?

ಉತ್ತರ: ಹತ್ತಿಯದು, ಸುತ್ತಲೂ ಕನಿಷ್ಠ 5 ಸೆಂ.ಮೀ. ಅಂಚಿರುವುದು, ಕತ್ತಿಗೂ ನೆರಳು ಬೀಳುವಂಥದ್ದು. ಬೆಳಕಿಗೆ ಹಿಡಿದು ನೋಡಿ. ನೇಯ್ಗೆಯ ನಡುವೆ ಬೆಳಕು ಚುಕ್ಕಿಚುಕ್ಕಿಯಾಗಿ ಕಂಡರೆ ಬಿಸಿಲೂ ಅಷ್ಟೇ ಇಳಿಯುತ್ತದೆ. ಕ್ರೋಶಾ ಟೋಪಿ ಫೋಟೋಕ್ಕೆ ಮಾತ್ರ. ಹಿಂದಿನ ಅಂಚು ಗಟ್ಟಿಯಿದ್ದರೆ ಹೆಗಲಿಗೆ ಒರಗಿದಾಗ ಟೋಪಿ ಕಣ್ಣಿಗೆ ಜಾರುತ್ತದೆ, ಮೆತ್ತನೆಯದು ಆರಿಸಿ. 11ರಿಂದ 3 ಗಂಟೆಯ ಬಿಸಿಲಿಗೆ ಟೋಪಿಯ ನೆಚ್ಚಿಕೆ ಬೇಡ, ನೆರಳೇ ಬೇಕು. ಆರು ತಿಂಗಳೊಳಗಿನ ಮಕ್ಕಳನ್ನಂತೂ ನೇರ ಬಿಸಿಲಿಗೆ ಒಯ್ಯಲೇಬೇಡಿ.

ಪ್ರಶ್ನೆ: ತಲೆ ದುಂಡಗಾಗಲು ರಾಗಿ ದಿಂಬು, ಹೂವಿನ ಹೇರ್‌ಬ್ಯಾಂಡ್: ಎರಡೂ ಸರಿಯೆ?

ಉತ್ತರ: ನಿದ್ದೆಯಲ್ಲಿ ಎರಡೂ ಬೇಡ. ತಲೆ ಚಪ್ಪಟೆಯಾಗದಿರಲು ಎಚ್ಚರವಿರುವಾಗ, ನೀವು ಎದುರಿಗಿದ್ದು, ದಿನಕ್ಕೆ ಹಲವು ಸಲ ಬೋರಲು ಮಲಗಿಸಿ.

ಪ್ರಶ್ನೆ: ಮೂಡಿಗೆರೆ ಕಡೆಯ ತೋಟದ ಮನೆ. ಮೂರೂವರೆ ತಿಂಗಳ ಚುಚ್ಚುಮದ್ದಿಗೆ ಮಗುವನ್ನು ಬೈಕಿನಲ್ಲಿ ಚಿಕ್ಕಮಗಳೂರಿಗೆ ಕರೆದೊಯ್ಯಬೇಕು. ಮಂಕಿ ಕ್ಯಾಪ್ ಸಾಕೆ, ಪುಟ್ಟ ಹೆಲ್ಮೆಟ್ ಸಿಗುತ್ತದೆಯೆ?

ಉತ್ತರ: ಮಂಕಿ ಕ್ಯಾಪ್ ಗಾಳಿ ತಡೆಯುತ್ತದೆ, ಪೆಟ್ಟನ್ನಲ್ಲ. ಹನಿಮಳೆಗೆ ನೆನೆದು ಮೂಗಿಗೆ ಅಂಟಿಕೊಂಡರೆ ಉಸಿರಿಗೇ ತೊಡಕು. ಈ ವಯಸ್ಸಿಗೆ ಹೆಲ್ಮೆಟ್ ಕೂಡ ಆಗದು: ಕತ್ತು ತಲೆಯ ಭಾರವನ್ನೇ ಇನ್ನೂ ಸರಿಯಾಗಿ ಹೊರುತ್ತಿಲ್ಲ, ಮೇಲೊಂದು ಹೆಲ್ಮೆಟ್ ಹೊರಿಸಿದರೆ ಬ್ರೇಕ್ ಹಾಕಿದಾಗಲೆಲ್ಲ ಕತ್ತಿಗೇ ಎಳೆತ. 2022ರಲ್ಲಿ ತಿದ್ದಿದ ಕೇಂದ್ರ ಮೋಟಾರು ವಾಹನ ನಿಯಮವು 9 ತಿಂಗಳಿಂದ 4 ವರ್ಷದ ಮಕ್ಕಳನ್ನು ಬೈಕಿನಲ್ಲಿ ಕೂರಿಸಿಕೊಳ್ಳಲು ಮೂರು ಷರತ್ತು ಹಾಕಿದೆ: ಸವಾರರಿಗೆ ಕಟ್ಟಿಕೊಳ್ಳುವ ಸುರಕ್ಷಾ ಪಟ್ಟಿ, ತಲೆಗೆ ಸರಿಹೊಂದುವ ಹೆಲ್ಮೆಟ್, ಗಂಟೆಗೆ 40 ಕಿಲೋಮೀಟರ್ ಮೀರದ ವೇಗ. ನಮ್ಮನ್ನು ಕೇಳಿದರೆ, ಈ ತಿರುವುಗಳ ರಸ್ತೆಯಲ್ಲಿ ವರ್ಷ ತುಂಬುವವರೆಗೂ ಬೈಕು ಬೇಡವೇ ಬೇಡ. ಬಸ್ಸಿನಲ್ಲೋ ಆಟೋದಲ್ಲೋ ಹೋಗಿ, ಒಳಗೆ ಕೂತ ಮೇಲೆ ಟೋಪಿ ಸಡಿಲಿಸಿ, ಆಗಾಗ ಕತ್ತಿನ ಹಿಂದೆ ಮುಟ್ಟಿ ನೋಡಿ. ಅದಕ್ಕೂ ಮುಂಚೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಈ ಚುಚ್ಚುಮದ್ದನ್ನು ಗೊತ್ತಾದ ದಿನ ಹತ್ತಿರದ ಉಪಕೇಂದ್ರ ಅಥವಾ ಅಂಗನವಾಡಿಯಲ್ಲೇ ಉಚಿತವಾಗಿ ಹಾಕುತ್ತಾರೆ. ತಾಯಿ ಕಾರ್ಡ್ ಹಿಡಿದು ನಡೆದೇ ಹೋಗಿಬರಬಹುದು.